ಖಾಲಿಯಾಗದ ಲವಂಗದ ಬಾಟಲಿ

ಡಬ್ಬಿ ಖಾಲಿಯಾದರೆ ಅನುಮಾನ ಪಡುವವರು ಎಲ್ಲ ಮನೆಯಲ್ಲೂ ಇದ್ದಾರೆ. ಮೊನ್ನೆ ತಾನೇ ತಂದ ಏಲಕ್ಕಿ ಎಲ್ಲಿ ಹೋಯಿತು, ಗೋಡಂಬಿಗೆ ಕೈ ಹಾಕಿದವರು ಯಾರು, ತುಪ್ಪ ಯಾಕೆ ಇಷ್ಟು ಕೆಳಗಿಳಿಯಿತು ಎಂದು ಕೇಳುವುದು ಸಂಸಾರದ ಮಾಮೂಲಿ ಮಾತು. ಆದರೆ ಡಬ್ಬಿ ಖಾಲಿಯಾಗುತ್ತಿಲ್ಲವಲ್ಲ ಎಂದು ತಲೆ ಕೆಡಿಸಿಕೊಂಡವನು ದೊಡ್ಡಬಳ್ಳಾಪುರದಲ್ಲಿ ಬಹುಶಃ ನಾನೊಬ್ಬನೇ. ನನಗೆ ಅನುಮಾನ ಜಾಸ್ತಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಹೇಳಲಿ. ಅನುಮಾನ ಇಲ್ಲದವನು ಈ ಊರಿನಲ್ಲಿ ರೇಷ್ಮೆ ಅಂತ ಬೇರೇನನ್ನೋ ಕೊಂಡು ಮನೆಗೆ ಹೋಗುತ್ತಾನೆ. ಒಂದು ಎಳೆ ಕಿತ್ತು ಬೆಂಕಿ ತಾಗಿಸಿ, ಸುಟ್ಟ ಕೂದಲಿನ ವಾಸನೆ ಬಂದರೆ ಮಾತ್ರ ರೇಷ್ಮೆ ಎಂದು ಒಪ್ಪಿಕೊಳ್ಳುವುದನ್ನು ನಾನು ಮೀಸೆ ಬರುವ ಮೊದಲೇ ಕಲಿತೆ. ಅಂಗಡಿಯವನ ಮುಂದೆಯೇ ಬೆಂಕಿಪೊಟ್ಟಣ ತೆಗೆಯಲು ನಾಚಿಕೆಪಡುವವರಿಗೆ ನನ್ನ ಸಲಹೆ ಇಷ್ಟೇ: ನಾಚಿಕೆ ಒಂದು ನಿಮಿಷದ್ದು, ಸೀರೆ ವರ್ಷಗಟ್ಟಲೆ ಬೀರುವಿನಲ್ಲಿ ಇರುತ್ತದೆ.

ನಾನು ಸೀರೆ ವ್ಯಾಪಾರದವನು. ಮಾಕಳಿದುರ್ಗದ ಕಡೆಯ ಹಳ್ಳಿಯ ಒಕ್ಕಲುತನದ ಮನೆಯಿಂದ ಬಂದು, ಬೇರೆಯವರ ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಾ ಶುರುಮಾಡಿದೆ. ಈಗ ಮನೆಯ ಹಿಂದೆ ಸ್ವಂತ ಪವರ್‌ಲೂಮುಗಳು ಸದ್ದು ಮಾಡುತ್ತವೆ, ಮುಂದಿನ ಕೋಣೆಯಲ್ಲಿ ಮದುವೆ ಸೀರೆ ಮಾರುತ್ತೇನೆ. ಇದೆಲ್ಲ ಯಾರೂ ಕೊಟ್ಟಿದ್ದಲ್ಲ, ಚೌಕಾಸಿ ಕೊಟ್ಟಿದ್ದು. ವ್ಯಾಪಾರದ ಒಂದು ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಗಿರಾಕಿಗೆ ಸರಿಯಾದ ಬೆಲೆಯನ್ನು ಮೊದಲೇ ಹೇಳಬಾರದು. ಏರಿಸಿ ಹೇಳಬೇಕು. ಅವರು ಎಳೆಯಬೇಕು, ನಾವು ಮುಖ ಸಣ್ಣದು ಮಾಡಿಕೊಂಡು ಒಂದೊಂದೇ ಮೆಟ್ಟಿಲು ಇಳಿಯಬೇಕು. ಅವರು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಕ್ಕೆ ಕರೆದು, “ನೀವು ಅಂತ ಕೊಡ್ತಿದೀನಿ ಕಣಕ್ಕಾ, ಹೊರಗೆ ಯಾರಿಗೂ ಹೇಳ್ಬೇಡಿ” ಅನ್ನಬೇಕು. ನಮಗೆ ಬರಬೇಕಾದದ್ದು ಬಂದಿರುತ್ತದೆ, ಅವರು ಗೆದ್ದೆವು ಎಂಬ ಖುಷಿಯನ್ನು ಸೀರೆಯ ಜತೆಗೆ ಬಿಟ್ಟಿಯಾಗಿ ಕಟ್ಟಿಸಿಕೊಂಡು ಹೋಗುತ್ತಾರೆ. ಈ ವಿದ್ಯೆಯನ್ನು ನನ್ನ ಹೆಂಡತಿ ಸರೋಜಳಿಗೂ ಹೇಳಿಕೊಟ್ಟಿದ್ದೇನೆ. ನಾನು ಊರಲ್ಲಿಲ್ಲದಾಗ ಸೀರೆ ಕೋಣೆ ನೋಡಿಕೊಳ್ಳುವವಳು ಅವಳೇ.

ಅಡುಗೆಮನೆಯ ಮಸಾಲೆ ಸಾಮಾನನ್ನು ಮಾತ್ರ ನಾನು ಯಾರ ಕೈಗೂ ಬಿಟ್ಟವನಲ್ಲ. ಸೀರೆ ಗಂಟು ಹೊತ್ತು ರೈಲಿನಲ್ಲಿ ಬೆಂಗಳೂರಿಗೆ ಹೋದಾಗಲೆಲ್ಲ ಪೇಟೆಯ ಸಗಟು ಅಂಗಡಿಗಳ ಸಂದಿಗೆ ನುಗ್ಗಿ, ಅಂಗಡಿಯವನಿಗೆ ಸಾಕುಸಾಕಾಗುವಷ್ಟು ಎಳೆದಾಡಿ, ಲವಂಗ, ಚಕ್ಕೆ, ಏಲಕ್ಕಿ, ಮರಾಠಿ ಮೊಗ್ಗು ಎಲ್ಲವನ್ನೂ ತರುತ್ತೇನೆ. ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶೆಟ್ಟರದೊಂದು ಗ್ರಂಧಿಗೆ ಅಂಗಡಿಯಿದೆ. ಪೂಜೆ ಸಾಮಾನು, ನಾಟಿ ಔಷಧಿ, ಮಸಾಲೆ ಎಲ್ಲ ಅಲ್ಲೇ ಸಿಗುತ್ತದೆ. ಆದರೆ ಅವರ ತಲೆಯ ಮೇಲೆ ‘ಒಂದೇ ಬೆಲೆ, ಚೌಕಾಸಿ ಇಲ್ಲ’ ಎಂಬ ಬೋರ್ಡು ತೂಗುತ್ತಿರುತ್ತದೆ. ಮಾತಿಗೇ ಜಾಗವಿಲ್ಲದ ಅಂಗಡಿಯಲ್ಲಿ ಮನುಷ್ಯ ಏನು ಮಾಡಬೇಕು? ಆ ಬೋರ್ಡು ಕಂಡ ದಿನದಿಂದ ನಾನು ಆ ಬೀದಿಯಲ್ಲಿ ನಡೆಯುವಾಗ ಮುಖವನ್ನು ಆಚೆ ಕಡೆಗೆ ತಿರುಗಿಸುತ್ತೇನೆ.

ತಂದ ಸಾಮಾನು ಇಡುವ ವಿಷಯಕ್ಕೆ ಬರೋಣ. ಮೊದಲು ಸರೋಜಳ ಪದ್ಧತಿಯಿತ್ತು. ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯಲ್ಲಿ ಮೆಂತ್ಯ, ಬಿಸ್ಕತ್ತಿನ ಡಬ್ಬಿಯಲ್ಲಿ ಒಣಮೆಣಸಿನಕಾಯಿ, ಯಾರದೋ ಮದುವೆಯಲ್ಲಿ ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ಗಸಗಸೆ. ಯಾವ ಡಬ್ಬಿಯ ಮೇಲೂ ಒಳಗಿರುವುದರ ಹೆಸರಿಲ್ಲ. ಅವಳು ಮಾತ್ರ ಕಣ್ಣು ಮುಚ್ಚಿಕೊಂಡು ಕೈ ಹಾಕಿ ಬೇಕಾದ್ದನ್ನು ತೆಗೆಯುತ್ತಿದ್ದಳು. ಬೇರೆಯವರಿಗೆ ಏನೂ ಸಿಗದ ವ್ಯವಸ್ಥೆ ಕಂಡರೆ ನನಗೆ ಅಲ್ಲೇ ಅನುಮಾನ. ಹಾಗಾಗಿ ಮುಚ್ಚಿಹೋದ ಬೇಕರಿಯೊಂದರಿಂದ ಕೆಂಪು ಮುಚ್ಚಳದ ಗಾಜಿನ ಬಾಟಲಿಗಳನ್ನು ಸಗಟಾಗಿ ಎತ್ತಿಕೊಂಡು ಬಂದೆ. ಒಲೆಯ ಮೇಲುಗಡೆ, ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ನೇರ ಬೀಳುವ ಜಾಗದಲ್ಲಿ ಹಲಗೆ ಹೊಡೆಸಿ, ಸೀರೆಗಳನ್ನು ಷೋಕೇಸಿನಲ್ಲಿ ಜೋಡಿಸುವ ಹಾಗೆ ಬಣ್ಣದ ಪ್ರಕಾರ ಜೋಡಿಸಿದೆ. ಅರಿಶಿನದಿಂದ ಹೊರಟರೆ ಧನಿಯಾ, ಅಲ್ಲಿಂದ ಮೆಣಸಿನಪುಡಿ, ಆಮೇಲೆ ಚಕ್ಕೆ, ಲವಂಗ, ಕೊನೆಗೆ ಕಪ್ಪಗೆ ಮೆಣಸು, ಸಾಸಿವೆ. ನೋಡಿದವರು ಬಾಯಿ ಬಿಟ್ಟುಕೊಂಡು ನೋಡಬೇಕು. ಜೀರಿಗೆ, ಸೋಂಪು, ಓಮ ಮೂರೂ ಒಂದೇ ಬಣ್ಣಕ್ಕೆ ಬಂದು ಒಂದೇ ಕಡೆ ಕೂತವು. ಅದರಿಂದ ಒಂದು ದಿನ ನಾನೇ ಮಾಡಿದ ತಿಳಿಸಾರಿಗೆ ಓಮದ ಒಗ್ಗರಣೆ ಬಿತ್ತು, ಕುಡಿದವರಿಗೆಲ್ಲ ಹೊಟ್ಟೆ ಹಗುರಾಯಿತು. ನಷ್ಟವೇನೂ ಆಗಲಿಲ್ಲ. ಸರೋಜ ಎಲ್ಲವನ್ನೂ ಸೊಂಟಕ್ಕೆ ಕೈ ಕೊಟ್ಟು ನೋಡಿ, “ಚೆನ್ನಾಗಿದೆ, ಒಂದು ಲೈಟೂ ಹಾಕಿಸ್ಬಿಡಿ” ಅಂದಳು. ಹೊಗಳಿಕೆ ಅಂದುಕೊಂಡೆ.

ಗಾಜಿನ ಬಾಟಲಿಯ ಒಂದು ಅನುಕೂಲವೆಂದರೆ, ಕಾಫಿ ಲೋಟ ಹಿಡಿದು ನಿಂತರೆ ಸಾಕು, ಯಾವುದು ಎಷ್ಟು ಇಳಿದಿದೆ ಎಂಬುದು ಕಾಣುತ್ತದೆ. ಸಾಸಿವೆ ಇಳಿಯುತ್ತಿತ್ತು, ಜೀರಿಗೆ ಇಳಿಯುತ್ತಿತ್ತು. ಲವಂಗ ಇಳಿಯುತ್ತಿರಲಿಲ್ಲ. ಚಕ್ಕೆ, ಏಲಕ್ಕಿ ಹಾಕಿದ್ದು ಹಾಕಿದ ಹಾಗೇ ಇದ್ದವು. ಹಾಗಂತ ಮನೆಯಲ್ಲಿ ಮಸಾಲೆ ಅಡುಗೆ ನಿಂತಿತ್ತೇ? ಭಾನುವಾರದ ಕೋಳಿಸಾರಿನ ಘಮಕ್ಕೆ ನೇಯುವ ಆಳುಗಳು ಮಗ್ಗ ನಿಲ್ಲಿಸಿ ಹಿತ್ತಲಿಗೆ ಬಂದು ಸುಮ್ಮನೆ ಕೈಕಾಲು ತೊಳೆಯುತ್ತಿದ್ದರು. ಘಮ ಎಲ್ಲಿಂದ ಬರುತ್ತಿತ್ತು? ಖರ್ಚಿಲ್ಲದೆ ಬರುವ ಯಾವುದನ್ನೂ ನಾನು ನಂಬುವುದಿಲ್ಲ. ಒಂದು ದಿನ ಯಾರೂ ಇಲ್ಲದಾಗ ಮೇಲಿನ ಒಂದು ಚಕ್ಕೆಗೆ ಜರಿ ಎಳೆಯೊಂದನ್ನು ಸುತ್ತಿ, ನೇಕಾರರ ಗಂಟು ಹಾಕಿ, ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ ಇಟ್ಟೆ. ದೀಪಾವಳಿ ಬಂತು, ಹೋಯಿತು. ಬಿರಿಯಾನಿ ಆಯಿತು, ಪಲಾವ್ ಆಯಿತು. ಜರಿ ಸುತ್ತಿದ ಚಕ್ಕೆ ಮದುವಣಗಿತ್ತಿಯ ಹಾಗೆ ಮಿಂಚುತ್ತಾ ಕೂತಲ್ಲೇ ಕೂತಿತ್ತು.

ಅನುಮಾನ ಒಂದು ಸಲ ಹತ್ತಿದರೆ ಬೇಗ ಆರುವುದಿಲ್ಲ. ಸರೋಜ ರೆಡಿಮೇಡ್ ಮಸಾಲೆ ಪೊಟ್ಟಣ ತರುತ್ತಿದ್ದಾಳೆಯೇ ಎಂದು ಕಸದ ಬುಟ್ಟಿ ಕೆದಕಿದೆ. ಈರುಳ್ಳಿ ಸಿಪ್ಪೆ ಬಿಟ್ಟರೆ ಏನೂ ಸಿಗಲಿಲ್ಲ. ಪಕ್ಕದ ಮನೆಯವರು ಅರೆದು ಕೊಡುತ್ತಿದ್ದಾರೆಯೇ ಎಂದು ಅವರ ಮನೆಯ ಸಾರನ್ನು ಕೇಳಿ ತರಿಸಿ ರುಚಿ ನೋಡಿದೆ. ಅವರಿಗೆ ನಾವೇ ಕೊಡಬೇಕಾದ ಪರಿಸ್ಥಿತಿ. ಬೇರೆ ಗಂಡಸರಿಗೆ ಹೆಂಡತಿಯ ಮೇಲೆ ಏನೇನೋ ಅನುಮಾನ ಬರುತ್ತದಂತೆ. ನನಗೆ ಬಂದ ಅನುಮಾನ ಒಂದೇ. ಇವಳು ನನ್ನ ಬೆನ್ನ ಹಿಂದೆ ಯಾರ ಹತ್ತಿರವೋ ಲವಂಗ ಕೊಳ್ಳುತ್ತಿದ್ದಾಳೆ.

ಅಷ್ಟರಲ್ಲಿ ಹೊಸಕೋಟೆಯಿಂದ ತಾಯಿ ಮಗಳು ಧಾರೆ ಸೀರೆ ನೋಡಲು ಬಂದರು. ದೊಡ್ಡ ಗಿರಾಕಿ, ಧಾರೆಗೆ, ಆರತಕ್ಷತೆಗೆ, ಬೀಗಿತ್ತಿಯರಿಗೆ ಎಲ್ಲಕ್ಕೂ ಇಲ್ಲೇ ತೆಗೆಯುವ ಅಂದಾಜು. ನಾನು ಬೀರುವಿನಿಂದ ಒಳ್ಳೆಯ ರೇಷ್ಮೆಯೊಂದನ್ನು ತೆಗೆದು ಹಾಸಿದೆ. ತಾಯಿ ಸೆರಗನ್ನು ಹತ್ತಿರಕ್ಕೆ ತಂದುಕೊಂಡವರು ಹಾಗೇ ನಿಂತರು. ಇನ್ನೊಂದು ಸಲ ಮೂಸಿದರು. ಮಗಳ ಕಡೆ ತಿರುಗಿ, “ಏನೇ ಇದು, ಈ ಸೀರೆ ಉಟ್ಕೊಂಡ್ರೆ ಹೊಟ್ಟೆ ಹಸಿಯುತ್ತಲ್ಲ” ಅಂದರು. ನಾನೂ ಮೂಸಿದೆ. ಮಡಿಕೆ ಮಡಿಕೆಯಲ್ಲೂ ಬಾಡೂಟ. ಇಂಥ ಹೊತ್ತಿನಲ್ಲಿ ವ್ಯಾಪಾರದವನು ಹಿಂಜರಿಯಬಾರದು. ನುಸಿ ಹಿಡಿಯದ ಹಾಗೆ ನಾವು ಸೀರೆಗಳ ನಡುವೆ ಲವಂಗ ಇಡುತ್ತೇವೆ, ಹಳೇ ಕಾಲದ ಪದ್ಧತಿ, ನುಸಿಗುಳಿಗೆ ಹಾಕಿದರೆ ಜರಿ ಕಪ್ಪಾಗುತ್ತದೆ ಎಂದು ವಿವರಿಸಿದೆ. ಆಯಮ್ಮ ತಾಳ್ಮೆಯಿಂದ ಕೇಳಿಸಿಕೊಂಡು, “ಲವಂಗ ಸರಿ ಕಣಪ್ಪ. ಧನಿಯಾನೂ ಇಡ್ತೀರಾ?” ಅಂದರು. ಇನ್ನೊಂದೆರಡು ಕಡೆ ನೋಡಿಕೊಂಡು ಬರುತ್ತೇವೆ ಎಂದು ಎದ್ದರು. ನಾನು ಹಿಂದಕ್ಕೆ ಕರೆದೆ. ಅವರು ನಿಲ್ಲಲಿಲ್ಲ.

ಬಾಗಿಲು ಹಾಕಿ ಬೀರುವಿನ ಮುಂದೆ ಕೂತೆ. ಕೆಳಗಿನ ಖಾನೆಯಲ್ಲಿ ಮಾರಾಟವಾಗದೆ ಉಳಿದ ಗಿಣಿಹಸಿರು ಸೀರೆಗಳಿದ್ದವು. ಅಗ್ಗಕ್ಕೆ ಸಿಕ್ಕಿತೆಂದು ನಾನೇ ಒಂದು ರಾಶಿ ಬಣ್ಣದ ನೂಲು ತಂದು ನೇಯಿಸಿದವು. ಆ ಬಣ್ಣ ಕಂಡರೆ ನನಗೇ ಸಂಕಟವಾಗುವುದರಿಂದ ನಾನು ಆ ಖಾನೆಗೆ ಕೈ ಹಾಕುತ್ತಿರಲಿಲ್ಲ. ಅದು ಸರೋಜಳಿಗೆ ಗೊತ್ತು. ಗಿಣಿಹಸಿರನ್ನು ಸರಿಸಿದರೆ ಹಿಂದುಗಡೆ ಸೀರೆ ಇಡುವ ರಟ್ಟಿನ ಡಬ್ಬಗಳ ಸಾಲು. ಮೊದಲನೆಯ ಡಬ್ಬ ತೆಗೆದೆ. ಬಿಸ್ಕತ್ತಿನ ಡಬ್ಬಿ ಕಂಡಿತು. ಎರಡನೆಯದರಲ್ಲಿ ಮದುವೆಯ ಸ್ಟೀಲ್ ಡಬ್ಬಿ. ನಾನು ಅಡುಗೆಮನೆಯಿಂದ ಓಡಿಸಿದ ಡಬ್ಬಿಗಳೆಲ್ಲ ಅಲ್ಲಿ ಸಂಸಾರ ಹೂಡಿದ್ದವು. ಏಲಕ್ಕಿ ಹಸಿರು ಹಸಿರಾಗಿ, ಒಡೆಯದೆ. ಲವಂಗ ತಲೆಯ ಮೊಗ್ಗಿನ ಸಮೇತ, ದಪ್ಪಗೆ. ಧನಿಯಾ ಪುಡಿ ಬಟ್ಟೆಯ ಗಂಟಿನಲ್ಲಿ, ಆ ಗಂಟು ಒಂದು ಡಬ್ಬಿಯೊಳಗೆ, ಡಬ್ಬಿಯ ಮುಚ್ಚಳ ಮಾತ್ರ ಒಂದಿಷ್ಟು ಸಡಿಲ. ಕತ್ತಲೆ, ತಂಪು, ಒಲೆಯ ಶಾಖವಿಲ್ಲ, ಹಬೆಯಿಲ್ಲ, ಬೀಗ ಬೇರೆ. ಮಸಾಲೆ ಸಾಮಾನನ್ನು ಬಿಸಿಲಿಗೂ ಹಬೆಗೂ ಇಡಬೇಡಿ, ಘಮ ಹಾರಿಹೋಗುತ್ತದೆ ಎಂದು ಸೀರೆ ಕೊಳ್ಳಲು ಬಂದವರಿಗೆಲ್ಲ ನಾನು ಬಿಟ್ಟಿ ಸಲಹೆ ಕೊಡುತ್ತಿದ್ದೆ. ಊರಿಗೆಲ್ಲ ಹೇಳಿದ್ದನ್ನು ಕೇಳಿ ಪಾಲಿಸಿದವಳು ನನ್ನ ಹೆಂಡತಿಯೊಬ್ಬಳೇ. ಅದೂ ನನ್ನ ಕಣ್ಣು ತಪ್ಪಿಸಿ.

ಆದರೂ ನಾನು ದುಡುಕಲಿಲ್ಲ. ಎರಡು ಲೋಟ ನೀರು ತಂದು, ಒಂದಕ್ಕೆ ನನ್ನ ಬಾಟಲಿಯ ಲವಂಗ, ಇನ್ನೊಂದಕ್ಕೆ ಅವಳ ಡಬ್ಬಿಯ ಲವಂಗ ಹಾಕಿದೆ. ಈ ಪರೀಕ್ಷೆಯನ್ನು ನೀವೂ ಮಾಡಿ ನೋಡಿ. ಎಣ್ಣೆಯಿರುವ ಲವಂಗ ಮುಳುಗುತ್ತದೆ, ಇಲ್ಲವೇ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಎಣ್ಣೆ ಹಿಂಡಿ ತೆಗೆದದ್ದು ಅಡ್ಡಡ್ಡ ಮಲಗಿ ತೇಲುತ್ತದೆ. ಅವಳ ಲವಂಗ ತಳ ಸೇರಿ ಕೂತಿತು. ನನ್ನದು ಊಟ ಮಾಡಿ ಅಡ್ಡಾದ ಬೀಗರ ಹಾಗೆ ಮಲಗಿ ತೇಲುತ್ತಿತ್ತು. ಪೇಟೆಯ ಆ ಅಂಗಡಿಯವನು ನಾನು ಎಳೆದಷ್ಟೂ ಇಳಿಯುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು.

ಇದನ್ನು ಹೇಗೆ ಎತ್ತುವುದು ಎಂದು ನಾನು ಯೋಚಿಸುತ್ತಿರುವಾಗಲೇ ನಮ್ಮ ತಾಲ್ಲೂಕಿನದೇ ಊರಾದ ಮಧುರೆಯಿಂದ ನನ್ನ ತಮ್ಮ ನಂಜುಂಡನ ಫೋನು ಬಂತು. ಅವನ ಮಗಳ ಮದುವೆ ನಿಶ್ಚಯವಾಗಿತ್ತು, ಗಂಡಿನ ಕಡೆಯವರು ನೆಲಮಂಗಲದವರು. ಮದುವೆಯಾದ ಮೇಲೆ ಬೀಗರ ಔತಣ ನಮ್ಮ ಕಡೆ ಮದುವೆಗಿಂತ ದೊಡ್ಡದು. ಧಾರೆಯ ದಿನ ಪಾಯಸ ಹಾಳಾದರೆ ಮರೆಯುತ್ತಾರೆ, ಬಾಡೂಟ ಸಪ್ಪೆಯಾದರೆ ಮೊಮ್ಮಕ್ಕಳ ಕಾಲಕ್ಕೂ ಅದೇ ಮಾತು. “ಅಣ್ಣ, ಮಸಾಲೆ ಸಾಮಾನೆಲ್ಲ ನೀನೇ ತಂದ್ಬಿಡು. ನಿನ್ನಂಗೆ ಆರ್ಸಿ ತರೋರು ನಮ್ಮ ವಂಶದಲ್ಲೇ ಇಲ್ಲ” ಅಂದ ನಂಜುಂಡ. ಆಗಲಿ ಎಂದು ಫೋನಿಟ್ಟೆ. ಸರೋಜ ಕಾಫಿ ಲೋಟವನ್ನು ನನ್ನ ಮುಂದೆ ಇಡದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

“ಬೇಡ ಅಂತ ಹೇಳಿ” ಅಂದಳು.

ಯಾಕೆಂದು ಕೇಳಿದೆ. “ನೀವು ತರೋ ಸಾಮಾನು ಹಾಕಿ ಬೀಗರಿಗೆ ಬಡಿಸಿದ್ರೆ, ನಾಳೆ ಆ ಮನೇಲಿ ಬಾಳಬೇಕಾದ್ದು ನಮ್ಮ ಹುಡುಗಿ.”

ನನಗೂ ರೋಷ ಬಂತು. ಎರಡು ಲೋಟದ ವಿಷಯ, ಗಿಣಿಹಸಿರು ಸೀರೆಯ ವಿಷಯ, ಹೊಸಕೋಟೆಯವರು ಎದ್ದುಹೋದ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೊರಗೆ ಹಾಕಿದೆ. ಸಿಕ್ಕಿಬಿದ್ದವರ ಮುಖದಲ್ಲಿ ಒಂಚೂರಾದರೂ ಗಾಬರಿ ಇರಬೇಕು. ಇವಳು ಲೋಟವನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ಹೊಸಕೋಟೆಯವರದು ತನ್ನದೇ ತಪ್ಪು, ಧನಿಯಾ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ ಎಂದು ಒಪ್ಪಿಕೊಂಡಳು. ನನ್ನ ಲವಂಗವನ್ನು ಬಳಸದೆ ಇಟ್ಟದ್ದು ಮಾತ್ರ ತಪ್ಪಲ್ಲ ಎಂದಳು.

“ಸಾರಿಗೆ ಹಾಕಿದೆ, ಏನೂ ಆಗಲಿಲ್ಲ. ಹೋಗ್ಲಿ, ಎಸೆಯೋದ್ಯಾಕೆ ಅಂತ ಸಕ್ಕರೆ ಡಬ್ಬಿಗೆ ಹಾಕಿದೆ, ಇರುವೆ ಬರದೇ ಇರ್ಲಿ ಅಂತ. ಇರುವೆನೂ ಹೆದರಲಿಲ್ಲ ಕಣ್ರೀ. ಅದರ ಮೇಲೆ ಹತ್ತಿ ಕೂತ್ಕೊಂಡಿದ್ವು.”

ಮನುಷ್ಯರ ಮಾತಾದರೆ ಎದುರುತ್ತರ ಕೊಡಬಹುದು. ಇರುವೆಯ ಸಾಕ್ಷಿಗೆ ಏನು ಹೇಳುವುದು? ಸರಿ, ಇವೆಲ್ಲ ಎಲ್ಲಿಂದ ತರುತ್ತಿದ್ದೀಯ ಎಂದೆ. ಶೆಟ್ಟರ ಅಂಗಡಿಯಿಂದ ಎಂದಳು. ಆ ಬೋರ್ಡಿನ ಅಂಗಡಿಯಿಂದಲಾ ಎಂದೆ. ಹೌದೆಂದಳು.

“ಎಷ್ಟಕ್ಕೆ ಕೊಡ್ತಾರೆ?”

“ಅವರು ಹೇಳಿದಷ್ಟಕ್ಕೆ.”

“ಕಮ್ಮಿ ಮಾಡಿ ಅಂತ ಒಂದು ಮಾತೂ ಕೇಳಲಿಲ್ವಾ?”

“ಇಲ್ಲ.”

ನಾನು ಕುರ್ಚಿ ಎಳೆದುಕೊಂಡು ಕೂತೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ, ನನ್ನ ತಟ್ಟೆಯ ಪಕ್ಕದಲ್ಲೇ ಕೂತು, ಹೇಳಿದ ಬೆಲೆ ಕೊಟ್ಟ ಲವಂಗವನ್ನು ನನಗೆ ತಿನ್ನಿಸುತ್ತಾ ಬಂದಿದ್ದಾಳೆ. ನಾನು ಸಾರು ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡಾಗಲೆಲ್ಲ ಅವಳಿಗೆ ಎಷ್ಟು ನಗು ಬಂದಿರಬೇಡ.

ಕೊನೆಗೆ ಒಂದು ಒಪ್ಪಂದವಾಯಿತು. ಔತಣದ ಸಾಮಾನು ಶೆಟ್ಟರ ಅಂಗಡಿಯಿಂದಲೇ ಬರಬೇಕು. ಆದರೆ ತರುವವನು ನಾನು. ಸರೋಜ ಒಂದು ಗಳಿಗೆ ನನ್ನ ಮುಖ ನೋಡಿ, ನಾಳೆ ಬೇಡ, ನಾಡಿದ್ದು ಹೋಗಿ ಎಂದಳು. ನಾಳೆ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು. ಎಲ್ಲದರ ಮೇಲೂ ಅನುಮಾನ ಪಡುವವನಿಗೆ ಸರಿಯಾದ ಜಾಗದಲ್ಲಿ ಮಾತ್ರ ಅದು ಬರುವುದಿಲ್ಲ.

ಶೆಟ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಬನ್ನಿ ಬನ್ನಿ ಎಂದು ಸ್ಟೂಲು ಕೊಟ್ಟರು. ಸಾಮಾನು ನೋಡಿದೆ, ಮೂಸಿದೆ, ಉಗುರಿನಿಂದ ಒತ್ತಿ ಎಣ್ಣೆ ಬರುತ್ತದೆಯೇ ಎಂದು ಪರೀಕ್ಷಿಸಿದೆ. ಬೆಲೆ ಕೇಳಿದೆ. ಅವರು ಹೇಳಿದ್ದನ್ನು ಕೇಳಿ ಸ್ಟೂಲಿನಿಂದ ಎದ್ದೇಬಿಟ್ಟೆ. ತಲೆಯ ಮೇಲಿನ ಬೋರ್ಡು ಕಂಡಿತು. ನಾನು ಅದರ ಕಡೆ ನೋಡದೆ ಎಳೆಯಲು ಶುರುಮಾಡಿದೆ. ಶೆಟ್ಟರು ಮುಖ ಸಣ್ಣದು ಮಾಡಿಕೊಂಡರು. ಒಂದು ಮೆಟ್ಟಿಲು ಇಳಿದರು. ನಾನು ಇನ್ನೂ ಎಳೆದೆ. ನಮಗೆ ಏನೂ ಗಿಟ್ಟುವುದಿಲ್ಲ ಸ್ವಾಮಿ ಎಂದು ಇನ್ನೊಂದು ಮೆಟ್ಟಿಲು ಇಳಿದರು. ನಾನು ಹೊರಟೆ, ಚಪ್ಪಲಿಗೆ ಕಾಲು ಹಾಕಿದೆ. ಹಿಂದಿನಿಂದ ಕರೆದರು. “ನೀವು ಅಂತ ಕೊಡ್ತಿದೀನಿ, ಹೊರಗೆ ಯಾರಿಗೂ ಹೇಳ್ಬೇಡಿ” ಅಂದರು. ಚೀಲ ಹೊತ್ತು ಬರುವಾಗ ಆ ಬೀದಿಯಲ್ಲಿ ನನ್ನ ಮುಖ ಎರಡೂ ಕಡೆ ಧಾರಾಳವಾಗಿ ತಿರುಗುತ್ತಿತ್ತು. ಅಷ್ಟು ವರ್ಷದ ಬೋರ್ಡನ್ನು ಅರ್ಧ ಗಂಟೆಯಲ್ಲಿ ಮಲಗಿಸಿದ್ದೆ. ಮನೆಗೆ ಬಂದು ಎಲ್ಲವನ್ನೂ ವಿವರವಾಗಿ ಹೇಳಿದೆ. ಸರೋಜ ಲವಂಗವನ್ನು ಅಂಗೈಯಲ್ಲಿ ಉಜ್ಜಿ ಮೂಸಿ, “ಪರವಾಗಿಲ್ವೇ. ನನ್ನ ಕೈಲಿ ಇದೆಲ್ಲ ಆಗ್ತಿರಲಿಲ್ಲ” ಅಂದಳು.

ಔತಣ ಗೆದ್ದಿತು. ಮಧುರೆಯ ಆ ಚಪ್ಪರದ ಕೆಳಗೆ ಮುದ್ದೆ ಮುರಿದು ಸಾರಿಗೆ ಅದ್ದಿದವರು ಮಾತು ನಿಲ್ಲಿಸಿದರು. ನೆಲಮಂಗಲದ ಬೀಗರು ಮೂಳೆ ಚೀಪುತ್ತಾ, ಮಸಾಲೆ ಎಲ್ಲಿಯದು ಎಂದು ಕೇಳಿದರು. ನಂಜುಂಡ ನನ್ನ ಕಡೆ ತೋರಿಸಿದ. ಹುಡುಗಿ ದೂರದಿಂದ ನನ್ನನ್ನು ನೋಡಿ ನಕ್ಕಳು. ನಾನು ಅಲ್ಲಿಗೇ ಬಿಡಬಹುದಾಗಿತ್ತು. ಆದರೆ ಸಲಹೆ ಕೇಳುವವರು ಸಿಕ್ಕಾಗ ನನಗೆ ಬಾಯಿ ಮುಚ್ಚಿಕೊಳ್ಳಲು ಬರುವುದಿಲ್ಲ. ಬೀಗರ ಪಕ್ಕದಲ್ಲಿ ಕೂತು, ಶೆಟ್ಟರ ಅಂಗಡಿಯ ಗುರುತು ಹೇಳಿ, ಬೋರ್ಡು ನೋಡಿ ಹೆದರಬೇಡಿ, ಎಳೆಯಿರಿ, ಚಪ್ಪಲಿ ಹಾಕಿಕೊಳ್ಳಿ, ಕರೆಯುತ್ತಾರೆ, ನನ್ನ ಹೆಸರು ಹೇಳಿ ಎಂದು ಕಳಿಸಿದೆ.

ಕೆಲವು ದಿನಗಳಾದ ಮೇಲೆ ಬೀಗರು ಫೋನು ಮಾಡಿದರು. ಅಂಗಡಿಗೆ ಹೋಗಿದ್ದರಂತೆ. ಎಳೆದರಂತೆ. ಚಪ್ಪಲಿ ಹಾಕಿಕೊಂಡು ಬೀದಿಯ ಕೊನೆಯವರೆಗೂ ಹೋದರಂತೆ. ಯಾರೂ ಕರೆಯಲಿಲ್ಲ. ಅವರೇ ವಾಪಸು ಬಂದು ನನ್ನ ಹೆಸರು ಹೇಳಿದರಂತೆ.

“ಶೆಟ್ಟರು ನಕ್ಕುಬಿಟ್ರು ಬೀಗರೇ. ನಿಮ್ಮ ಮನೆಯಮ್ಮ ನೀವು ಹೋಗೋ ಹಿಂದಿನ ದಿನವೇ ಅಂಗಡಿಗೆ ಬಂದು ಹೇಳಿ ಹೋಗಿದ್ರಂತೆ, ನಮ್ಮೆಜಮಾನ್ರು ಬರ್ತಾರೆ, ಮೊದಲು ಏರಿಸಿ ಹೇಳಿ, ಆಮೇಲೆ ಇಳಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಅವರಿಗೆ ಉಂಡ ಅನ್ನ ಮೈಗೆ ಹತ್ತಲ್ಲ ಅಂತ. ಚಪ್ಪಲಿ ಹಾಕ್ಕೊಂಡಾಗ ಏನು ಅನ್ನಬೇಕು ಅಂತಾನೂ ಕಲಿಸಿಕೊಟ್ಟಿದ್ರಂತೆ. ನಿಮ್ಮ ಮನೆಯವರು ಯಾರೂ ಬಂದು ಹೇಳಿಲ್ವಲ್ಲ ಸ್ವಾಮಿ ಅಂದ್ರು ನನಗೆ.”

ಫೋನಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದೆ. ಸರೋಜ ಒಗ್ಗರಣೆ ಹಾಕುತ್ತಿದ್ದಳು. ಒಲೆಯ ಮೇಲುಗಡೆ ಹಲಗೆಯಲ್ಲಿ ನನ್ನ ಬಾಟಲಿಗಳು ಬಣ್ಣದ ಪ್ರಕಾರ ಸಾಲಾಗಿ ನಿಂತಿದ್ದವು, ಜರಿ ಸುತ್ತಿದ ಚಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು. ಏನು ಬೀಗರದು ಫೋನಾ ಎಂದು ಅವಳು ತಿರುಗದೆಯೇ ಕೇಳಿದಳು. ಹೌದು, ಅಂಗಡಿ ಚೆನ್ನಾಗಿದೆ ಅಂದರು ಎಂದೆ. ಬೀರುವಿನಲ್ಲಿ ಲವಂಗ ಮುಗಿಯುತ್ತಾ ಬಂದಿದೆ, ನೀವೇ ಹೋಗಿ ತನ್ನಿ, ನಿಮ್ಮ ಹಾಗೆ ಇಳಿಸಲು ನನಗೆಲ್ಲಿ ಬರುತ್ತದೆ ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಗಿರಾಕಿಯ ಕೈಗೆ ಸೀರೆ ಚೀಲ ಕೊಡುವಾಗ ನಾನು ತೆಗೆಯುವ ದನಿ ಅದು.

ಸಂಜೆ ಹೋದೆ. ಶೆಟ್ಟರು ಏರಿಸಿ ಹೇಳಿದರು. ನಾನು ಎಳೆದೆ. ಅವರು ಮುಖ ಸಣ್ಣದು ಮಾಡಿಕೊಂಡರು, ನಾನು ಚಪ್ಪಲಿ ಹಾಕಿಕೊಂಡೆ, ಅವರು ಕರೆದರು. ಗೊತ್ತಿದ್ದೂ ಗೆದ್ದರೆ ಖುಷಿಯಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಖುಷಿಯಾಯಿತೆಂದರೆ, ಬಸ್ ನಿಲ್ದಾಣ ದಾಟುವವರೆಗೂ ನನಗೆ ಬೇರೇನೂ ಹೊಳೆಯಲಿಲ್ಲ. ಆಮೇಲೆ ರಸ್ತೆಯ ನಡುವೆ ನಿಂತುಬಿಟ್ಟೆ. ಇಷ್ಟು ದಿನದಿಂದ ಸೀರೆ ಗಿರಾಕಿಗಳ ಹತ್ತಿರ ಈ ಆಟ ನಾನೇ ಆಡಿಸುತ್ತಾ ಬಂದಿದ್ದೇನೆ, ಏರಿಸಿದ್ದನ್ನೆಲ್ಲ ನಾನು ಯಾವತ್ತೂ ಪೂರ್ತಿ ಇಳಿಸಿದವನಲ್ಲ. ಶೆಟ್ಟರು ಪೂರ್ತಿ ಇಳಿಸಿದರೋ, ಇಲ್ಲ ಕೊನೆಯ ಒಂದು ಮೆಟ್ಟಿಲನ್ನು ಅಲ್ಲೇ ಉಳಿಸಿಕೊಂಡರೋ? ಸರಿಯಾದ ಬೆಲೆ ಗೊತ್ತಿರುವುದು ಸರೋಜಳಿಗೊಬ್ಬಳಿಗೇ. ಅವಳನ್ನು ಕೇಳೋಣವೆಂದರೆ ನನಗೆ ಎಲ್ಲ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಗುತ್ತದೆ, ನಾಳೆಯಿಂದ ಶೆಟ್ಟರು ಬೋರ್ಡು ತೋರಿಸುತ್ತಾರೆ. ಹಾಗಾಗಿ ಸುಮ್ಮನೆ ಮನೆಗೆ ಬಂದು, ಇವತ್ತು ಇನ್ನೂ ಇಳಿಸಿಬಿಟ್ಟೆ ಕಣೇ ಎಂದು ಚೀಲವನ್ನು ಅವಳ ಕೈಗೆ ಕೊಟ್ಟೆ. ಅವಳು ಹೌದಾ ಎಂದು ಕಣ್ಣರಳಿಸಿ, ಬೀರುವಿನ ಬೀಗದ ಕೈ ತೆಗೆದುಕೊಂಡು ಒಳಗೆ ಹೋದಳು.